ಕನಿಕರ ಆಮೇಲೆ, ಮೊದಲು ನಕ್ಷೆ ನೋಡಿ

ನಮಸ್ಕಾರ.

ಅಮೆರಿಕದ ಆರ್ಕಿಟೆಕ್ಟ್ ಸೋಫಿಯಾ ಹೇಡನ್ ಬಗ್ಗೆ ನೀವು ಕಳಿಸಿದ 'ಮುರಿದ ಪೆನ್ಸಿಲ್' ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ. ಮೊದಲ ಸಲ ಓದಿದಾಗ ಖುಷಿಯಾಯಿತು. ಎರಡನೇ ಸಲ ಸಿಟ್ಟು ಬಂತು. ಆ ಸಿಟ್ಟಿನ ಬಗ್ಗೆಯೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೂರನೇ ಪ್ಯಾರಾದ ಮೊದಲ ಸಾಲು: 'ವಿದ್ಯಾರ್ಥಿನಿಯಾಗಿದ್ದಾಗಲೇ ಅವಳು ಅದ್ಭುತವಾದ ನಕ್ಷೆಗಳನ್ನು ರಚಿಸಿ ಎಲ್ಲರ ಗಮನ ಸೆಳೆದಳು.' ಅಷ್ಟೇ. ಮುಂದಿನ ಸಾಲಿನಲ್ಲಿ ಶಿಕಾಗೋ ತಲುಪಿಬಿಟ್ಟಿದ್ದೀರಿ. ಅವರು ವಿದ್ಯಾರ್ಥಿನಿಯಾಗಿದ್ದಾಗ ಬರೆದ ನಕ್ಷೆಯೊಂದರ ಪ್ರತಿ ನೋಡಿದ ಮೇಲೇ ಬರೆಯಬೇಕು ಅನ್ನಿಸಿತು ಅಂತ ಜೊತೆಗಿಟ್ಟ ಪತ್ರದಲ್ಲಿ ಹೇಳಿದ್ದೀರಿ. ಹಾಗಿದ್ದರೆ ಓದುಗರಿಗೆ ಯಾಕೆ ತೋರಿಸಲಿಲ್ಲ? 'ಅದ್ಭುತ' ಅಂದರೆ ನಿಮಗೇನು ಅನ್ನಿಸಿತು ಅಂತ ಗೊತ್ತಾಗುತ್ತದೆ. ಹಾಳೆಯ ಮೇಲೆ ಏನಿತ್ತು ಅಂತ ಗೊತ್ತಾಗುವುದಿಲ್ಲ.

ಇದ್ದದ್ದು ಕಡಿಮೆಯೇನಲ್ಲ. 1890ರಲ್ಲಿ ಅಮೆರಿಕದ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯ ನಾಲ್ಕು ವರ್ಷದ ಆರ್ಕಿಟೆಕ್ಚರ್ ಕೋರ್ಸ್ ಮುಗಿಸಿದ ಮೊದಲ ಹೆಂಗಸು ಈಕೆ. ಎಂಐಟಿ ಆಗ ಬಾಸ್ಟನ್ನಿನಲ್ಲಿತ್ತು. ಕೊನೆಯ ವರ್ಷದ ಪ್ರಬಂಧಕ್ಕೆ ಆರಿಸಿಕೊಂಡಿದ್ದು ರಿನೈಸಾನ್ಸ್ ಶೈಲಿಯ ಒಂದು ಕಲಾ ಮ್ಯೂಸಿಯಂ. ಅಲ್ಲಿ ವಿನ್ಯಾಸ ಕಲಿಸುತ್ತಿದ್ದ ಯುಜೀನ್ ಲೆತಾಂಗ್ ಪ್ಯಾರಿಸ್ಸಿನಲ್ಲಿ ಕಲಿತು ಬಂದವರು. ಆ ಪದ್ಧತಿಯಲ್ಲಿ ಒಂದು ನಕ್ಷೆ ಮುಗಿಯಬೇಕಾದರೆ ಏನೇನು ಆಗಬೇಕು ಗೊತ್ತಾ? ಕಾಗದವನ್ನು ಒದ್ದೆ ಮಾಡಿ ಹಲಗೆಗೆ ಅಂಟಿಸಿ, ಅದು ಬಿಗಿಯಾಗಿ ಒಣಗಲು ಬಿಡಬೇಕು. ಶಾಯಿ ಕಡ್ಡಿ ತೇಯ್ದು, ನೀರು ಬೆರೆಸಿ ತೆಳು ಮಾಡಿ, ಪದರದ ಮೇಲೆ ಪದರ ಹಚ್ಚಬೇಕು. ಒಂದು ಒಣಗುವ ತನಕ ಇನ್ನೊಂದು ಹಚ್ಚುವ ಹಾಗಿಲ್ಲ. ಬೆಳಕು ಎಡಗಡೆ ಮೇಲಿನಿಂದ 45 ಡಿಗ್ರಿಯಲ್ಲಿ ಬೀಳುತ್ತದೆ ಅಂತ ಲೆಕ್ಕ. ಹಾಗಾಗಿ ಸೂರಿನ ಅಂಚು ಗೋಡೆಯಿಂದ ಎಷ್ಟು ಮುಂದೆ ಚಾಚಿದೆಯೋ, ಅದರ ನೆರಳು ಗೋಡೆಯ ಮೇಲೆ ಅಷ್ಟೇ ಕೆಳಕ್ಕೆ ಇಳಿಯುತ್ತದೆ. ಚಪ್ಪಟೆ ಕಾಗದದಲ್ಲಿ ಆಳ ಅಳೆಯುವುದು ಹೀಗೆ. ಇಷ್ಟು ಹೇಳಿದರೆ ಓದುಗರೇ 'ಅಬ್ಬಾ' ಅನ್ನುತ್ತಾರೆ. ನೀವು ಅನ್ನಬೇಕಾಗಿಲ್ಲ.

ನನಗೂ ಇದನ್ನು ಒಬ್ಬರು ಬೈದೇ ಕಲಿಸಿದ್ದು. ಪತ್ರಿಕೆಗೆ ಸೇರಿದ ಹೊಸದು. ಮಳೆಗೆ ಮನೆ ಕುಸಿದ ಸುದ್ದಿಗೆ 'ಮನಕಲಕುವ ದೃಶ್ಯ' ಅಂತ ಬರೆದುಕೊಟ್ಟೆ. ಹಿರಿಯ ಉಪಸಂಪಾದಕರು ಕಾಪಿ ವಾಪಸ್ ತಳ್ಳಿ, ತಲೆ ಎತ್ತದೆ ಕೇಳಿದರು: 'ಬಾಗಿಲು ಯಾವ ಕಡೆಗಿತ್ತಪ್ಪಾ?' ನನಗೆ ಗೊತ್ತಿರಲಿಲ್ಲ. ಬಸ್ ಹತ್ತಿ ಮತ್ತೆ ಹೋದೆ, ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಹೋಗಿ ನೋಡಿದರೆ ಎರಡೂ ಪಕ್ಕದ ಗೋಡೆ ಇಲ್ಲ, ಬಾಗಿಲು ಮಾತ್ರ ಚೌಕಟ್ಟಿನ ಸಮೇತ ನಿಂತಿದೆ. ಅದಕ್ಕೆ ಬೀಗ ಹಾಕಿದೆ. ಕೀಲಿ ಆ ಮನೆಯ ಅಜ್ಜಿಯ ಸೊಂಟದಲ್ಲಿತ್ತು. ಮೊದಲ ಸಲ ಹೋದಾಗಲೂ ಅದು ಅಲ್ಲೇ ಇದ್ದಿರಬೇಕು, ಅಲ್ವಾ?

ನಿಮ್ಮ ಲೇಖನದಲ್ಲೂ ಅಂಥ ಬಾಗಿಲು ಒಂದಿದೆ. ಕೋರ್ಸ್ ಮುಗಿಸಿದ ಮೇಲೆ ಕೆಲಸ ಸಿಗದೆ ಹೇಡನ್ ಬಾಸ್ಟನ್ನಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. 1891ರಲ್ಲಿ ಶಿಕಾಗೋ ವಿಶ್ವಮೇಳದ ಮಹಿಳಾ ಭವನಕ್ಕೆ ಸ್ಪರ್ಧೆ ಕರೆದಾಗ ಅವರು ಆಧಾರ ಮಾಡಿಕೊಂಡಿದ್ದು ಅದೇ ಮ್ಯೂಸಿಯಂ ನಕ್ಷೆಯನ್ನು. ಇಪ್ಪತ್ತೆರಡು ವಯಸ್ಸು. ಗೆದ್ದರು. ನೀವು 'ಅದ್ಭುತ' ಅಂತ ಹೇಳಿ ದಾಟಿದ ಹಾಳೆಯೇ 1893ರಲ್ಲಿ ಕಮಾನು, ಕಂಬಸಾಲುಗಳ ಬಿಳಿ ಕಟ್ಟಡವಾಗಿ ನಿಂತಿತ್ತು. ಲೇಖನದ ಬೆನ್ನೆಲುಬೇ ಅದು.

ಇನ್ನು ಕೊನೆಯ ಪ್ಯಾರಾ. ಇಲ್ಲಿ ಒಂದೊಂದೇ ಸಾಲು ಹಿಡಿಯುತ್ತೇನೆ.

'ಕುಸಿದುಹೋದ ಅವಳು ಮತ್ತೆಂದೂ ಪೆನ್ಸಿಲ್ ಹಿಡಿಯಲಿಲ್ಲ.' ತಪ್ಪು. 1894ರಲ್ಲಿ ಮಹಿಳಾ ಸಂಘಗಳಿಗಾಗಿ ಒಂದು ಸ್ಮಾರಕದ ವಿನ್ಯಾಸ ಮಾಡಿದ್ದಾರೆ. ಕಟ್ಟಲಿಲ್ಲ, ಆ ಮಾತು ಬೇರೆ. ಕುಸಿದರು ಅನ್ನುವ ಮೊದಲು ಆಗಿದ್ದೇನು ಹೇಳಿ. ಮೇಳದ ಮಹಿಳಾ ಮಂಡಳಿಯ ಅಧ್ಯಕ್ಷೆ ಬರ್ತಾ ಪಾಮರ್, ಹೆಂಗಸರು ದಾನ ಕೊಟ್ಟ ಕಂಬ, ಫಲಕ, ಕಿಟಕಿಯ ಜಾಲರಿಗಳನ್ನೆಲ್ಲ ಕಟ್ಟಡದಲ್ಲಿ ಸೇರಿಸಬೇಕು ಅಂದರು. ಹೇಡನ್ ಒಪ್ಪಲಿಲ್ಲ. 45 ಡಿಗ್ರಿ ನೆರಳು ಲೆಕ್ಕ ಹಾಕಿದವರು ಯಾಕೆ ಒಪ್ಪುತ್ತಾರೆ? ಕೊನೆಗೆ ಒಳಾಂಗಣದ ಅಲಂಕಾರ ಕ್ಯಾಂಡೇಸ್ ವೀಲರ್ ಅನ್ನುವ ವಿನ್ಯಾಸಕಿಯ ಕೈಗೆ ಹೋಯಿತು. ಹೇಡನ್ ಆರೋಗ್ಯ ಕೆಟ್ಟ ಸುದ್ದಿ ಹಿಡಿದುಕೊಂಡು, ಹೆಂಗಸರಿಗೆ ಈ ಕೆಲಸ ಆಗುತ್ತಾ ಅಂತ ಆರ್ಕಿಟೆಕ್ಟರ ಪತ್ರಿಕೆಯೊಂದು ಆಗಲೇ ಕೇಳಿತ್ತು. ನಿಮ್ಮ ಸಾಲು ಗೊತ್ತಿಲ್ಲದೆ ಅದರ ಪಕ್ಕದಲ್ಲೇ ಹೋಗಿ ಕೂತಿದೆ.

'ಅವಳ ಕನಸಿನ ಕಟ್ಟಡವನ್ನೂ ಕೆಡವಲಾಯಿತು.' ನಿಜ. ಆದರೆ ಮೇಳದ ಹೆಚ್ಚಿನ ಕಟ್ಟಡಗಳೆಲ್ಲ ಹೋದವು. ಗಾರೆಗೆ ನಾರು ಸೇರಿಸಿ, ಕೆಲವು ತಿಂಗಳು ನಿಂತರೆ ಸಾಕು ಅಂತ ಮಾಡಿದವು ಅವು. ಅದನ್ನು ಒಬ್ಬರ ಹಣೆಬರಹ ಮಾಡಬೇಡಿ.

'ಅರವತ್ತು ವರ್ಷ ಕತ್ತಲೆಯಲ್ಲಿ ಕಳೆದಳು.' ಕತ್ತಲೆ ಅಂತ ಯಾರು ಹೇಳಿದ್ದು? 1900ರಲ್ಲಿ ಒಬ್ಬ ಕಲಾವಿದರನ್ನು ಮದುವೆಯಾದರು. ಬಾಸ್ಟನ್ ಪಕ್ಕದ ವಿಂತ್ರಾಪ್‌ನಲ್ಲಿ ಬದುಕಿದರು. 1953ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಮತ್ತೊಂದು ಕಟ್ಟಡ ಎದ್ದೇಳಲಿಲ್ಲ ಅಂತ ಬರೆಯಿರಿ, ಆ ಒಂದು ಸಾಲೇ ಸಾಕು ನೋವಾಗಲು. ಸುದ್ದಿಯಲ್ಲಿ ಇಲ್ಲದವರೆಲ್ಲ ಕತ್ತಲಲ್ಲಿದ್ದಾರೆ ಅಂದುಕೊಳ್ಳುವುದು ನಮ್ಮ ಪತ್ರಿಕೆಯವರ ಚಾಳಿ.

ಹಾಂ, ಇನ್ನೊಂದು. ಮೇಳದ ಉಸ್ತುವಾರಿ ಹೊತ್ತ ಬರ್ನ್‌ಹ್ಯಾಂ ಉದ್ದಕ್ಕೂ 'ಅವರು', ಹೇಡನ್ ಮಾತ್ರ 'ಅವಳು'. ಬೇಕು ಅಂತ ಮಾಡಿಲ್ಲ ನೀವು, ಗೊತ್ತು. ಆದರೂ ಓದುವಾಗ ಚುಚ್ಚಿತು.

ಗೆದ್ದ ವಿನ್ಯಾಸಕ್ಕೆ 1,000 ಡಾಲರ್, ಗಂಡಸರಿಗೆ ಅದರ ಹಲವು ಪಟ್ಟು ಅನ್ನುವ ಭಾಗ ಹಾಗೇ ಇರಲಿ, ಮುಟ್ಟಬೇಡಿ. ಮೂರನೇ ಪ್ಯಾರಾ ಒಂದು ಪೂರ್ತಿ ಪುಟವಾಗಲಿ. ಶೀರ್ಷಿಕೆ ಬದಲಾಗಲಿ. ನಕ್ಷೆಯ ಆ ಪ್ರತಿಯನ್ನೂ ಜೊತೆಗೆ ಕಳಿಸಿ. ಕಮಾನು ಎಷ್ಟಿವೆ ಅಂತ ಎಣಿಸಿ ಬರೆಯಿರಿ, ನಾನೂ ಎಣಿಸಿ ನೋಡುತ್ತೇನೆ.