ಕಬ್ಬಿಣ 70, ಆಕ್ಸಿಜನ್ 30: ಹಾಗಾದರೆ ಯಾವುದು ಜಾಸ್ತಿ?

ಪ್ರಶ್ನೆ: ಸರ್, ನಾನು ಫಸ್ಟ್ ಪಿಯು ವಿದ್ಯಾರ್ಥಿನಿ, ಊರು ಸಂಡೂರು. ನಮ್ಮ ಕಡೆ ಸಿಗುವ ಕಬ್ಬಿಣದ ಅದಿರು ಹೆಮಟೈಟ್‌ನಲ್ಲಿ 100 ಗ್ರಾಂಗೆ 70 ಗ್ರಾಂ ಕಬ್ಬಿಣ, 30 ಗ್ರಾಂ ಆಕ್ಸಿಜನ್ ಇರುತ್ತದಂತೆ. ಸೂತ್ರದಲ್ಲಿ ನೋಡಿದರೆ ಕಬ್ಬಿಣ 2, ಆಕ್ಸಿಜನ್ 3. ಕಬ್ಬಿಣವೇ ಜಾಸ್ತಿ ಇರಬೇಕಲ್ವಾ? ಕುದುರೆಮುಖದ ಮ್ಯಾಗ್ನೆಟೈಟ್‌ನಲ್ಲೂ ಇರುವುದು ಇವೆರಡೇ. ಮತ್ತೆ ವ್ಯತ್ಯಾಸ ಏನು?

ಉತ್ತರ: ತೂಕದಲ್ಲಿ ಕಬ್ಬಿಣ ಜಾಸ್ತಿ, ಎಣಿಕೆಯಲ್ಲಿ ಆಕ್ಸಿಜನ್ ಜಾಸ್ತಿ. ಸೂತ್ರ ಹೇಳುವುದು ಎಣಿಕೆಯನ್ನು.

70 ಕೆಜಿ ತೆಂಗಿನಕಾಯಿ ಒಂದು ಕಡೆ, 30 ಕೆಜಿ ಮೋಸಂಬಿ ಇನ್ನೊಂದು ಕಡೆ ಸುರಿದಿದೆ ಅಂದುಕೊಳ್ಳಿ. ಕಾಯಿ ಒಂದೊಂದೂ 560 ಗ್ರಾಂ, ಮೋಸಂಬಿ ಒಂದೊಂದೂ 160 ಗ್ರಾಂ. ಎಣಿಸಿದರೆ ಕಾಯಿ 125, ಮೋಸಂಬಿ 187 ದಾಟುತ್ತದೆ. ಈ ತೂಕಗಳನ್ನು ಬೇಕೆಂದೇ ಆರಿಸಿದ್ದೇನೆ, ಏಕೆಂದರೆ ಕಬ್ಬಿಣದ ಪರಮಾಣು ತೂಕ ಸುಮಾರು 56, ಆಕ್ಸಿಜನ್‌ನದು 16.

ಮೋಲ್ ಲೆಕ್ಕವೂ ಇದೇ (ಡಜನ್ ಇದ್ದ ಹಾಗೆ, ಮೋಲ್ ಅಂದರೆ ಪರಮಾಣುಗಳನ್ನು ಎಣಿಸುವ ಅಳತೆ). 70ನ್ನು 56ರಿಂದ ಭಾಗಿಸಿ, 1.25 ಮೋಲ್ ಕಬ್ಬಿಣ. 30ನ್ನು 16ರಿಂದ ಭಾಗಿಸಿ, 1.875 ಮೋಲ್ ಆಕ್ಸಿಜನ್. ಎರಡನ್ನೂ ಚಿಕ್ಕ ಸಂಖ್ಯೆಯಿಂದ, ಅಂದರೆ 1.25ರಿಂದ ಭಾಗಿಸಿದರೆ 1ಕ್ಕೆ 1.5. ತುಂಬಾ ಜನ ಎಡವುವುದು ಇಲ್ಲೇ, ಬಂದ 1.5ನ್ನು ಸುಮ್ನೆ 2 ಅಂತ ಬರೆದು ಮುಂದೆ ಹೋಗುತ್ತಾರೆ, ಅಲ್ಲಿಗೆ ಇಡೀ ಸೂತ್ರ ಕೆಟ್ಟಿತು. ದಯವಿಟ್ಟು ಹಾಗೆ ಮಾಡಬೇಡಿ. ಎರಡನ್ನೂ 2ರಿಂದ ಗುಣಿಸಿ: 2ಕ್ಕೆ 3.

ಮ್ಯಾಗ್ನೆಟೈಟ್‌ನಲ್ಲಿ 100 ಗ್ರಾಂಗೆ ಕಬ್ಬಿಣ 72.4, ಆಕ್ಸಿಜನ್ 27.6. ಅದೇ ದಾರಿಯಲ್ಲಿ ಹೋದರೆ 1ಕ್ಕೆ 1.33 ಬರುತ್ತದೆ, ಈ ಸಲ 3ರಿಂದ ಗುಣಿಸಬೇಕು: 3ಕ್ಕೆ 4. (ಇವೆಲ್ಲ ಶುದ್ಧ ಖನಿಜದ ಲೆಕ್ಕ. ಗಣಿಯಿಂದ ಬರುವ ಅದಿರಲ್ಲಿ ಕಲ್ಲು ಮಣ್ಣೂ ಸೇರಿರುವುದರಿಂದ ಕಬ್ಬಿಣದ ಪಾಲು ಕಡಿಮೆ.)

2ಕ್ಕೆ 3, 3ಕ್ಕೆ 4 ಇವನ್ನು ಹಾಗೇ ಹೋಲಿಸಿದರೆ ಏನೂ ಹೊಳೆಯುವುದಿಲ್ಲ. ಕಬ್ಬಿಣವನ್ನು ಎರಡರಲ್ಲೂ 6 ಮಾಡಿಕೊಳ್ಳಿ. ಆಗ ಹೆಮಟೈಟ್‌ನಲ್ಲಿ ಆಕ್ಸಿಜನ್ 9, ಮ್ಯಾಗ್ನೆಟೈಟ್‌ನಲ್ಲಿ 8. ಇಷ್ಟೇ ವ್ಯತ್ಯಾಸ! ಆದರೆ ಅಷ್ಟಕ್ಕೇ ಕಬ್ಬಿಣದ ಸ್ಥಿತಿಯೂ ಬದಲಾಗುತ್ತದೆ. ಹೆಮಟೈಟ್‌ನಲ್ಲಿ ಕಬ್ಬಿಣದ ಎಲ್ಲ ಅಯಾನುಗಳಿಗೂ (ಆವೇಶ ಹೊತ್ತ ಪರಮಾಣುಗಳಿಗೂ) 3 ಧನ ಆವೇಶ, ಮ್ಯಾಗ್ನೆಟೈಟ್‌ನಲ್ಲಿ ಮೂರರಲ್ಲಿ ಒಂದಕ್ಕೆ 2 ಮಾತ್ರ. ನಿಮ್ಮೂರಲ್ಲಿ ಅದಿರಿಗೇನೂ ಬರ ಇಲ್ಲ, ಒಂದು ಚೂರನ್ನು ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚಿಗೆ ಉಜ್ಜಿ ನೋಡಿ. ಹೆಮಟೈಟ್ ಆದರೆ ಕೆಂಪು ಗೆರೆ ಮೂಡುತ್ತದೆ. ಮ್ಯಾಗ್ನೆಟೈಟ್ ಕಪ್ಪು ಗೆರೆ ಎಳೆಯುತ್ತದೆ, ಆಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.