ಬೆಳಕು ಎಲ್ಲಿಂದ ಬರ್ತೈತಿ ನೋಡಿ ಸ್ಕ್ರೀನ್ ತಗೋರಿ

ಗದಗಿನ ಅಂಗಡ್ಯಾಗ ಹಗಲೆಲ್ಲಾ ಲೆಕ್ಕ ಬರಿಯಾಕ, ರಾತ್ರಿ ಸಿನಿಮಾ ನೋಡಾಕ ಲ್ಯಾಪ್‌ಟಾಪ್ ಬೇಕು, ಸ್ಕ್ರೀನ್ ಕನ್ನಡಿಯಂಗ ಹೊಳಿಯೂ ಗ್ಲಾಸಿನೋ, ಹೊಳಪಿಲ್ಲದ ಮ್ಯಾಟೋ ಅಂತ ಕೇಳೀರಿ. ಮ್ಯಾಟ್ ತಗೋರಿ. ಹುಬ್ಬಳ್ಳಿ ಕೊಪ್ಪಿಕರ್ ರೋಡಿನ್ಯಾಗ ನೋಡಿದಾಗ ಗ್ಲಾಸಿ ಥಳಥಳ ಹೊಳೀತಿತ್ತು, ಕಪ್ಪು ಖರೇನ ಕಪ್ಪು ಕಾಣ್ತಿತ್ತು, ಮರುಳಾಗಿ ತಂದೆ. ಮನ್ಯಾಗ ಕಿಟಕಿ ನನ್ನ ಬೆನ್ನಿಗೆ! ಎಕ್ಸೆಲ್ ತೆರೆದ್ರ ಅಂಕಿಗಿಂತ ನನ್ನ ಮಾರೀನ ಹೆಚ್ಚು ಕಾಣ್ತಿತ್ತು. ಮ್ಯಾಟಿನ ಮೈ ಸಣ್ಣಗೆ ತರಿತರಿ ಇರೂದಕ್ಕ ಬೆಳಕು ಚದುರಿ ಹೋಗತೈತಿ. ಬಣ್ಣ ಚೂರು ಮಂಕು, ಅಷ್ಟ. ಆದ್ರ ಬರೇ ಮ್ಯಾಟ್ ಅಂತ ನಂಬಬ್ಯಾಡ್ರಿ. ಸ್ಕ್ರೀನ್ ಎಷ್ಟು ಬೆಳಕು ಕೊಡ್ತೈತಿ ಅನ್ನೂ ಅಳತಿ ನಿಟ್ಸ್; 250 ನಿಟ್ಸ್ ಇದ್ರ ಹಗಲಿಗೆ ಸಾಲೂದಿಲ್ಲ, 300ಕ್ಕ ಕಡಿಮಿ ಬ್ಯಾಡ. ಗ್ಲಾಸಿ ಆಗ್ಲೇ ತಗೊಂಡಿದ್ರ ಮಾರಾಕ ಹೋಗಬ್ಯಾಡ್ರಿ. ಮೊದ್ಲ ಕೂಡೂ ದಿಕ್ಕು ಬದಲಿಸಿ ನೋಡ್ರಿ, ಇಲ್ಲಾಂದ್ರ ಮ್ಯಾಟ್ ಫಿಲ್ಮ್ ಹಚ್ಚಿಸ್ರಿ.