ಪಿಪ್ ಅಪ್‌ಗ್ರೇಡ್ ಮಾಡಿ ತಲೆ ಕೆಟ್ಟೋಯ್ತು!

ಪ್ರಶ್ನೆ: ಸರ್, ಏನೇ ಇನ್‌ಸ್ಟಾಲ್ ಮಾಡಿದ್ರೂ ಪಿಪ್ (ಪೈಥಾನ್ ಪ್ಯಾಕೇಜ್ ಹಾಕೋ ಟೂಲ್) ಕೊನೇಲಿ "ಹೊಸ ವರ್ಷನ್ ಬಂದಿದೆ" ಅಂತ ರಾಗ ಎಳೀತಿತ್ತು, ಬೇಜಾರಾಗಿ ಅಪ್‌ಗ್ರೇಡ್ ಮಾಡ್ದೆ. ವರ್ಷಗಟ್ಲೆ ಸರಿಯಾಗಿದ್ದ ಹಳೇ ಪ್ರಾಜೆಕ್ಟ್ ಈಗ ಇನ್‌ಸ್ಟಾಲೇ ಆಗ್ತಿಲ್ಲ, ಡಿಪೆಂಡೆನ್ಸಿ ಕಾನ್‌ಫ್ಲಿಕ್ಟ್ ಅಂತೆ. ಹೊಸ ವರ್ಷನ್ನೇ ಸರಿ ಇಲ್ವಾ?

ಉತ್ತರ: ಪಾಪ, ಅದರದ್ದೇನೂ ತಪ್ಪಿಲ್ಲ. ಜಗಳ ನಿಮ್ಮ ರಿಕ್ವೈರ್‌ಮೆಂಟ್ಸ್ ಫೈಲ್ (ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ಒಳಗೆ ಮೊದಲಿಂದಾನೂ ಇತ್ತು, ಹಳೇ ಪಿಪ್ ಕಂಡೂ ಕಾಣದ ಹಾಗೆ ಇತ್ತು ಅಷ್ಟೆ. ಒಂದು ಪ್ಯಾಕೇಜ್ ನಂಗೆ ಇಂಥ ಲೈಬ್ರರಿ 2ಕ್ಕಿಂತ ಕೆಳಗಿನದೇ ಬೇಕು ಅನ್ನುತ್ತೆ, ಇನ್ನೊಂದು 2 ಅಥವಾ ಮೇಲಿನದೇ ಬೇಕು ಅನ್ನುತ್ತೆ ಅಂತಿಟ್ಕೊಳ್ಳಿ, ಹಳೇ ಪಿಪ್ ಯಾರು ಮೊದ್ಲು ಕೇಳಿದ್ರೋ ಅವರ ಮಾತು ನಡೆಸಿ ಇನ್ನೊಬ್ಬರ ಬಗ್ಗೆ ಒಂದು ವಾರ್ನಿಂಗ್ ಉಗುಳಿ ಮುಂದೆ ಹೋಗ್ತಿತ್ತು, ಅದನ್ನ ಯಾರು ಓದ್ತಾರೆ ಹೇಳಿ. 2020ರ ನವೆಂಬರ್‌ನಲ್ಲಿ ಬಂದ 20.3ರಲ್ಲಿ ಹೊಸ ರಿಸಾಲ್ವರ್ (ಯಾವ ವರ್ಷನ್ ಹಾಕ್ಬೇಕು ಅಂತ ಲೆಕ್ಕ ಹಾಕೋ ಭಾಗ) ಹಾಕಿದ್ರು, ಇಬ್ಬರಿಗೂ ಒಪ್ಪೋ ವರ್ಷನ್ ಸಿಗದಿದ್ರೆ ಅದು ಇನ್‌ಸ್ಟಾಲ್ ಮಾಡೋದೇ ಇಲ್ಲ. ಕೆಲವು ಸಲ ಒಂದೇ ಪ್ಯಾಕೇಜಿನ ಹಳೇ ವರ್ಷನ್‌ಗಳನ್ನ ಒಂದಾದ್ಮೇಲೊಂದು ಡೌನ್‌ಲೋಡ್ ಮಾಡ್ತಾ ಕೂತಿರುತ್ತೆ, ಹ್ಯಾಂಗ್ ಆಯ್ತು ಅಂತ ಕಂಟ್ರೋಲ್ ಸಿ ಒತ್ಬೇಡಿ, ಹೊಂದೋದನ್ನ ಹುಡುಕ್ತಿದೆ. ಎರರ್‌ನಲ್ಲಿ ಯಾರು ಯಾರನ್ನ ಕೇಳ್ತಿದಾರೆ ಅಂತ ಹೆಸರು ಸಮೇತ ಇರುತ್ತೆ, ಆ ಎರಡರಲ್ಲಿ ಒಂದರ ವರ್ಷನ್ ಬದಲಿಸಿ ನೋಡಿ. ಹಳೇ ಪಿಪ್‌ಗೆ ವಾಪಸ್ ಹೋದ್ರೆ ಕಸಾನ ಚಾಪೆ ಕೆಳಗೆ ತಳ್ಳಿದ ಹಾಗೆ.

ಪ್ರಶ್ನೆ: ಪಿಪ್ 10 ಆದ್ಮೇಲೆ ನೇರ 18 ಬಂತಲ್ಲ, ಮಧ್ಯದ್ದೆಲ್ಲ ಏನಾಯ್ತು?

ಉತ್ತರ: ಅವು ಹುಟ್ಟಲೇ ಇಲ್ಲ. 2018ರಲ್ಲಿ ಇಸವಿ ಲೆಕ್ಕಕ್ಕೆ ಬದಲಾದ್ರು, 18 ಅಂದ್ರೆ 2018. ಹಾಗಾಗಿ ಪಿಪ್‌ನಲ್ಲಿ ಮೊದಲ ಅಂಕಿ ಬದಲಾಯ್ತು ಅಂತ ಗಾಬರಿಯಾಗ್ಬೇಡಿ, ಕ್ಯಾಲೆಂಡರ್ ಬದಲಾಗಿದೆ ಅಷ್ಟೆ.

ಪ್ರಶ್ನೆ: ಟೀಮ್‌ನಲ್ಲಿ ಒಬ್ಬ ಎನ್‌ಪಿಎಂ (ಜಾವಾಸ್ಕ್ರಿಪ್ಟ್‌ಗೆ ಪಿಪ್ ಥರದ ಟೂಲ್) ಅಪ್‌ಗ್ರೇಡ್ ಮಾಡಿ ಒಂದು ಸಣ್ಣ ಪ್ಯಾಕೇಜ್ ಸೇರಿಸಿದ, ಲಾಕ್ ಫೈಲ್‌ನಲ್ಲಿ (ಯಾವ ಪ್ಯಾಕೇಜಿನ ಯಾವ ವರ್ಷನ್ ಅಂತ ಬರೆದಿಡೋ ಫೈಲ್) ಸಾವಿರಾರು ಲೈನ್ ಡಿಫ್! ರಿವ್ಯೂ ಹೇಗೆ ಮಾಡೋದು?

ಉತ್ತರ: ಲೈನ್ ಲೈನ್ ಓದೋಕೆ ಹೋಗ್ಬೇಡಿ, ಮೊದ್ಲು ಫೈಲ್‌ನ ಮೇಲ್ಭಾಗದಲ್ಲಿರೋ ಲಾಕ್‌ಫೈಲ್‌ವರ್ಷನ್ ನಂಬರ್ ನೋಡಿ. ಎನ್‌ಪಿಎಂ 6ರ ತನಕ ಅದು 1, 7ರಲ್ಲಿ 2 ಆಯ್ತು, 9ರಿಂದ 3. ಆ ನಂಬರ್ ಬದಲಾಗಿದ್ರೆ ಫೈಲನ್ನ ಹೊಸ ರೂಪದಲ್ಲಿ ಪೂರ್ತಿ ತಿರುಗಿ ಬರೆದಿದೆ ಅಂತ ಅರ್ಥ. 2ನ್ನ ಹಳೇ ಎನ್‌ಪಿಎಂ 6 ಹೆಂಗೋ ಓದ್ಕೊಳ್ಳುತ್ತೆ, 3ರಲ್ಲಿ ಅದಕ್ಕೆ ಬೇಕಾದ ಭಾಗಾನೇ ತೆಗೆದಿದಾರೆ. ಅವನಿಗೆ ಬೈಯೋ ಬದಲು ಎಲ್ರೂ ಒಂದೇ ದಿನ ಒಂದೇ ವರ್ಷನ್‌ಗೆ ಹೋಗಿ, ಲಾಕ್ ಫೈಲ್ ಬದಲಾವಣೆಗೆ ಬೇರೆ ಕಮಿಟ್ ಇರ್ಲಿ, ಆ ಸಣ್ಣ ಪ್ಯಾಕೇಜ್ ಇನ್ನೊಂದು ಕಮಿಟ್‌ನಲ್ಲಿ ಬರ್ಲಿ. ಬಿಲ್ಡ್ ಸರ್ವರ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ (npm ci) ಕಮಾಂಡ್ ಹಾಕಿ, ಅದು ಲಾಕ್ ಫೈಲ್ ಮುಟ್ಟೋದಿಲ್ಲ, ಪ್ಯಾಕೇಜ್ ಫೈಲ್‌ಗೂ ಅದಕ್ಕೂ ತಾಳೆ ಆಗದಿದ್ರೆ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತೆ.

ಪ್ರಶ್ನೆ: ಡೆಬಿಯನ್ 12 ಲಿನಕ್ಸ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಪಿಪ್ ಅಪ್‌ಗ್ರೇಡ್ ಮಾಡೋಕೆ ಬಿಡ್ತಿಲ್ಲ.

ಉತ್ತರ: ಬಿಡಬಾರದು ಕೂಡ. ಆ ಪೈಥಾನ್ ಸಿಸ್ಟಮ್‌ದು, ಅದರ ಉಸ್ತುವಾರಿ ಡೆಬಿಯನ್‌ನ ಸ್ವಂತ ಪ್ಯಾಕೇಜ್ ಟೂಲ್ ಆಪ್ಟ್‌ದು. ವೆನ್ವ್ (ಪ್ರಾಜೆಕ್ಟ್‌ಗೆ ಅಂತಾನೇ ಬೇರೆ ಪೈಥಾನ್ ಜಾಗ) ಒಂದು ಮಾಡ್ಕೊಂಡು ಅದರೊಳಗೆ ಯಾವ ಪಿಪ್ ಬೇಕೋ ಹಾಕ್ಕೊಳ್ಳಿ.